ಬಾವಿ ಇರುವಲ್ಲಿ ಗುಡಿ ಬರೆದವರಿಗೆ

ರಾಜ್ಯದ ಎಲ್ಲ ಇಲಾಖೆಗಳಿಗೂ ಸೇರಿಸಿ ಒಂದೇ ಆನ್‌ಲೈನ್ ನಕ್ಷೆ ಮಾಡಿಕೊಟ್ಟಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ನಕ್ಷೆಯಲ್ಲಿ ಗುಡಿ ಇರುವ ಕಡೆ ನಮ್ಮೂರ ನೆಲದಲ್ಲಿ ಬಾವಿ ಇದೆ. ಕಟ್ಟೆಯಿಲ್ಲದ ಹಾಳು ಬಾವಿ. ಉದ್ದನಪಲ್ಲಿ ದಾಟಿ ರಾಯಕೋಟೆ ಕಡೆ ಬರುವಾಗ ಎಡಕ್ಕೆ ಕವಲೊಡೆಯುವ ನಮ್ಮ ಹಳ್ಳಿ ರಸ್ತೆಯ ತಿರುವಿಗೆ ಅಂಟಿಕೊಂಡೇ ಬಾಯಿ ತೆರೆದಿದೆ. ದೊಡ್ಡ ರಸ್ತೆಯಲ್ಲಿ ಸೇತುವೆ ಕೆಲಸ ಶುರುವಾಗುವುದರಿಂದ ಬರುವ ಸೋಮವಾರದಿಂದ ಲಾರಿಗಳನ್ನೆಲ್ಲ ಈ ರಸ್ತೆಗೆ ತಿರುಗಿಸುತ್ತಾರಂತೆ. ನಿಮ್ಮ ನಕ್ಷೆ ನೋಡಿಯೇ ರಸ್ತೆ ಇಲಾಖೆಯವರು ಆ ತೀರ್ಮಾನ ಮಾಡಿದ್ದಾರೆ. ಅದೇ ತಿರುವಿನಲ್ಲಿ ದಿನಾ ಬೆಳಿಗ್ಗೆ ನನ್ನ ಮಗಳು ಹರ್ಷಿತಾಳ ಶಾಲಾ ವ್ಯಾನ್ ಹೋಗುತ್ತದೆ. ಎದುರಿಗೆ ಲಾರಿ ಬಂದರೆ ವ್ಯಾನ್ ಪಕ್ಕಕ್ಕೆ ಸರಿಯಬೇಕು. ಪಕ್ಕದಲ್ಲಿರುವುದು ಬಾವಿ. ನನ್ನ ದೂರು ಇಷ್ಟೇ.

ಇದನ್ನೇ ತಮಿಳಿನಲ್ಲಿ ಬರೆದು ಕಚೇರಿ ಕಚೇರಿಗೂ ಕೊಟ್ಟಾಯಿತು. ಎಲ್ಲ ಕಡೆಯೂ ಸೀಲು ಒತ್ತಿದರು, ಅಷ್ಟಕ್ಕೇ ಮುಗಿಯಿತು. ಅರ್ಜಿ ಬರೆಯಲು ನನಗೆ ತಮಿಳು ಸಾಕು, ಹೊಟ್ಟೆ ಉರಿದಾಗ ಬರುವುದು ಮಾತ್ರ ಕನ್ನಡ. ನಿಮಗೆ ಕನ್ನಡ ಬಾರದಿದ್ದರೆ ಚಿಂತೆಯಿಲ್ಲ, ಹೊಸೂರಿನ ಕಚೇರಿಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಬರುತ್ತದೆ. ಅವರಿಂದ ಓದಿಸಿಕೊಳ್ಳಿ. ಬೈದಿರುವ ಕಡೆ ಮೆತ್ತಗೆ ಮಾಡದೆ ಓದಲು ಹೇಳಿ.

ಕಳೆದ ಧನುರ್ಮಾಸದ ಒಂದು ಬೆಳಿಗ್ಗೆ. ಮುಂದಿದ್ದವರ ಮುಖ ಕಾಣದಷ್ಟು ಮಂಜು. ನಮ್ಮ ಯಜಮಾನರು ತಿಲಕ್ ಫಸ್ಟ್ ಶಿಫ್ಟಿಗೆಂದು ಬೈಕ್ ಹತ್ತಿ ಹೋದವರು, ಎದುರಿಗೆ ಬಂದ ಹಾಲಿನ ಟೆಂಪೋಗೆ ದಾರಿ ಬಿಡಲು ಪಕ್ಕಕ್ಕೆ ಸರಿದು ಬೈಕ್ ಸಮೇತ ಬಾವಿಗೆ ಬಿದ್ದರು. ಹಳೇ ಮೋಟಾರಿನ ತುಕ್ಕು ಹಿಡಿದ ಪೈಪೊಂದು ಕೈಗೆ ಸಿಕ್ಕಿತು. ಹಸು ಹೊಡೆದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ಮುನಿಯಲ್ಲಪ್ಪ ಕೂಗಿದ್ದು ನಮ್ಮ ಅಡುಗೆಮನೆವರೆಗೂ ಕೇಳಿಸಿತು: “ಪೈಪ್ ಬುಡಬೇಡ ಕಣ್ಲಾ ತಿಲಕಾ! ಹಗ್ಗ ತತ್ತೀನಿ, ಬುಡಬೇಡ ಕಣ್ಲಾ!” ನಾನು ಓಡಿಹೋಗಿ ಇಣುಕಿದಾಗ ಕೆಳಗೆ ಹೆಲ್ಮೆಟ್ ಒಂದೇ ಕಾಣುತ್ತಿತ್ತು. ಅದರೊಳಗೆ ತಲೆ ಇದೆಯೋ ಇಲ್ಲವೋ ಗೊತ್ತಾಗದೆ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಬದುಕಿಕೊಂಡರು. ಈಗ ಕಾಲಲ್ಲಿ ರಾಡ್ ಇದೆ, ಗೋಡೆ ಹಿಡಿದು ನಡೆಯುತ್ತಾರೆ.

ಅವತ್ತಿನಿಂದ ಶುರುವಾಯಿತು ನನ್ನ ಕಚೇರಿ ಯಾತ್ರೆ. ಆಗ ಪ್ರತಿ ಇಲಾಖೆಗೂ ಅದರದೇ ನಕ್ಷೆ ಇತ್ತಲ್ಲವೇ? ರಸ್ತೆಯವರ ನಕ್ಷೆಯಲ್ಲಿ ಬಾವಿ ಅವರ ಗಡಿಯಿಂದ ಆಚೆಗೆ. ಪಂಚಾಯಿತಿಯವರ ನಕ್ಷೆಯಲ್ಲಿ ಅದು ರಸ್ತೆಯವರದು. ಕಂದಾಯದವರ ಪ್ರಕಾರ ಬಾವಿ ಯಾವತ್ತೋ ಮುಚ್ಚಿಹೋಗಿದೆ. ನೀರಿನವರ ದಾಖಲೆಯಲ್ಲಿ ಬಾವಿ ಉಂಟು, ಆದರೆ ಕೆರೆಯ ನಡುಮಧ್ಯದಲ್ಲಿ! ಸರ್ಕಾರದ ಬಾವಿ ಊರೆಲ್ಲ ಓಡಾಡುತ್ತದೆ, ನನ್ನ ಗಂಡ ಬಿದ್ದ ಬಾವಿ ಮಾತ್ರ ಇದ್ದಲ್ಲೇ ಇದೆ. ಇವರಲ್ಲಿ ಯಾರಿಗೆ ಕೈಮುಗಿದರೆ ಸೊಂಟದೆತ್ತರದ ಒಂದು ಗೋಡೆ ಏಳುತ್ತದೆ ಎಂದು ನನಗೆ ಕೊನೆಗೂ ಗೊತ್ತಾಗಲಿಲ್ಲ.

ನಾನು ಹೀಗೆ ಅಲೆಯುತ್ತಿರುವಾಗ ನಮ್ಮತ್ತೆ ಅಂಜಿನಮ್ಮ ಬೇರೆ ದಾರಿ ಹಿಡಿದರು. ಬಾವಿಯ ಅಂಚಿಗೆ ಮೂರು ಕಲ್ಲು ನೆಟ್ಟು, ಅರಿಶಿನ ಬಳಿದು, ಕುಂಕುಮ ಇಟ್ಟು, ತಮ್ಮದೇ ಹಳೇ ಕೆಂಪು ಸೀರೆಯನ್ನು ಬಿದಿರಿಗೆ ಕಟ್ಟಿ ನಿಲ್ಲಿಸಿದರು. ಇದೇನತ್ತೆ ಎಂದರೆ, “ಬಾವಿ ಐತೆ ಅಂದ್ರೆ ಯಾವನೂ ಬ್ರೇಕ್ ಹಾಕಕಿಲ್ಲ ಕಣಮ್ಮಿ. ದ್ಯಾವರೈತೆ ಅಂದ್ರೆ ಹಾಕ್ತಾನೆ” ಎಂದರು. ನಿಜ ಹೇಳುತ್ತೇನೆ, ಕೆಲಸ ಮಾಡಿತು. ಟೆಂಪೋಗಳು ನಿಧಾನವಾದವು. ಡ್ರೈವರ್‌ಗಳು ಸ್ಟೀರಿಂಗ್ ಬಿಟ್ಟು ಕೈಮುಗಿಯತೊಡಗಿದ್ದು ನನಗೆ ಇನ್ನೊಂದು ಭಯ ತಂದಿತು, ಅದಿರಲಿ.

ಅಷ್ಟರಲ್ಲಿ ನಿಮ್ಮ ಜಂಟಿ ನಕ್ಷೆಯ ಸುದ್ದಿ ಬಂತು. ಎಲ್ಲ ಇಲಾಖೆಗೂ ಒಂದೇ ನಕ್ಷೆ, ಒಬ್ಬರು ಗುರುತಿಸಿದ್ದು ಎಲ್ಲರಿಗೂ ಕಾಣುತ್ತದೆ ಎಂದು ಪತ್ರಿಕೆಯಲ್ಲಿ ಓದಿ ಕುಣಿದಾಡಿಬಿಟ್ಟೆ ಸ್ವಾಮಿ! ನಾನು ಕೆಲಸ ಮಾಡುವ ಕಂಪನಿಗೆ ಕೇಸರಿಬಾತ್ ಮಾಡಿಕೊಂಡು ಹೋಗಿ ನಮ್ಮ ಲೈನಿನವರಿಗೆಲ್ಲ ಹಂಚಿದೆ. ನಿಮ್ಮ ಹೆಸರು ಗೊತ್ತಿಲ್ಲದೆಯೂ ನಿಮಗೆ ಒಳ್ಳೆಯದಾಗಲಿ ಎಂದು ಹರಸಿದೆ. ಆ ಹರಕೆಯನ್ನು ಇನ್ನೂ ವಾಪಸು ತೆಗೆದುಕೊಂಡಿಲ್ಲ, ಸೋಮವಾರದವರೆಗೆ ನೋಡುತ್ತೇನೆ.

ನಿಮ್ಮ ಸರ್ವೆಯವರು ಕೈಯಲ್ಲಿ ಟ್ಯಾಬ್ ಹಿಡಿದು ನಮ್ಮ ತಿರುವಿಗೂ ಬಂದರು. ನಾನು ಡ್ಯೂಟಿಯಲ್ಲಿದ್ದೆ, ಅತ್ತೆ ಒಬ್ಬರೇ ಇದ್ದರು. ಸರ್ವೆಯವರು ತಮಿಳಿನಲ್ಲಿ “ಇದು ಎನ್ನ ಕೋಯಿಲ್ ಪಾಟಿ?” ಎಂದರಂತೆ, ಇದು ಯಾವ ಗುಡಿ ಅಜ್ಜಿ ಎಂದು. ಗುಡಿ ಎಂದರೆ ಸರ್ಕಾರವೂ ಬ್ರೇಕ್ ಹಾಕುತ್ತದೆ ಎಂದುಕೊಂಡು ಅತ್ತೆ “ಗಂಗಮ್ಮ ಕಣಪ್ಪಾ” ಎಂದರು. ಸರ್ವೆಯವರು ಫೋಟೋ ತೆಗೆಯಲು ಕಲ್ಲುಗಳಿಗೆ ಮುಖ ಮಾಡಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟರು. ಹಿಂದೆ ಏನಿತ್ತು ಎಂದು ನಿಮಗೆ ಹೇಳಬೇಕೇ? “ಅಯ್ಯೋ ಸಾಮಿ, ಬಾವಿ ಐತೆ!” ಎಂದು ಅತ್ತೆ ಅಂಗಿ ಹಿಡಿದು ಎಳೆಯದಿದ್ದರೆ ನಿಮ್ಮ ಸರ್ವೆ ಅಲ್ಲಿಗೇ ಮುಗಿಯುತ್ತಿತ್ತು. ಬೆವರು ಒರೆಸಿಕೊಂಡು, ನೀರು ಕುಡಿದು, ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಆ ಪುಣ್ಯಾತ್ಮರು ನಕ್ಷೆಯಲ್ಲಿ ಗುಡಿ ಎಂದು ಬರೆದುಕೊಂಡು ಹೋದರು. ಬಾವಿಯನ್ನು ಯಾಕೆ ಬರೆಯಲಿಲ್ಲ ಎಂದು ನಾನು ಆಮೇಲೆ ಫೋನ್ ಮಾಡಿ ಕೇಳಿದೆ. “ಒಂದು ಜಾಗಕ್ಕೆ ಒಂದೇ ಗುರುತು ಅಕ್ಕಾ, ಎರಡು ಹಾಕಿದರೆ ಟ್ಯಾಬ್ ತೆಗೆದುಕೊಳ್ಳುವುದಿಲ್ಲ” ಎಂದರು.

ಅಂತೂ ಸ್ವಾತಂತ್ರ್ಯ ಬಂದಾಗಿನಿಂದ ಆಗದ್ದು ಆಯಿತು, ನಮ್ಮ ತಿರುವಿನ ವಿಚಾರದಲ್ಲಿ ಎಲ್ಲ ಇಲಾಖೆಗಳೂ ಒಮ್ಮತಕ್ಕೆ ಬಂದವು. ಅಲ್ಲಿ ಬಾವಿ ಇಲ್ಲ! ಈಗ ಯಾವ ಕಚೇರಿಗೆ ಹೋದರೂ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, “ನೋಡಮ್ಮ, ಕೋಯಿಲ್” ಎಂದು ತೋರಿಸುತ್ತಾರೆ. ಗುಡಿಯ ಪಕ್ಕ ಗೋಡೆ ಕಟ್ಟಲು ದೇವಸ್ಥಾನದ ಇಲಾಖೆ ಒಪ್ಪಬೇಕಂತೆ. ಅವರನ್ನು ಕೇಳಿದರೆ ಇಂಥ ಗುಡಿ ತಮ್ಮ ಪಟ್ಟಿಯಲ್ಲೇ ಇಲ್ಲ ಎನ್ನುತ್ತಾರೆ. ಊರವರೇ ಗೋಡೆಗೆ ಕಲ್ಲು ಪೇರಿಸಲು ಹೋದೆವು, ಕಂದಾಯದವರು ಜೀಪಿನಲ್ಲಿ ಬಂದು ನಿಲ್ಲಿಸಿದರು. “ಅವ್ವ ನೆಟ್ಟಿರೋ ಕಲ್ಲು ಕಿತ್ತಾಕ್ಬುಡಾಣ, ಗುಡೀನೇ ಇಲ್ಲ ಅಂತ ಗೊತ್ತಾಗ್ಲಿ” ಎಂದು ತಿಲಕ್ ರೇಗಿದರು. ಅದಕ್ಕೂ ದಾರಿಯಿಲ್ಲ. ಸರ್ಕಾರದ ನಕ್ಷೆಯಲ್ಲಿರುವ ಗುಡಿಯನ್ನು ಮುಟ್ಟಿದರೆ ಕೇಸು ಬೀಳುತ್ತದೆ ಎಂದು ಹೆದರಿಸಿದ್ದಾರೆ. ಕಿತ್ತರೆ ತಾನೇ ಏನು ಬಂತು? ಈಗ ಬ್ರೇಕ್ ಹಾಕಿಸುತ್ತಿರುವುದು ಆ ಮೂರು ಕಲ್ಲುಗಳೇ.

ಮಾನ್ಯರೇ, ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಒಂದು ಬೋಲ್ಟಿನ ತಲೆ ಕೂದಲೆಳೆಯಷ್ಟು ವಾರೆಯಾದರೂ ಕೆಂಪು ಸ್ಟಿಕ್ಕರ್ ಅಂಟಿಸಿ ಲೈನ್ ನಿಲ್ಲಿಸುತ್ತೇನೆ, ಯಾರೂ ನನ್ನನ್ನು ಬೈಯುವುದಿಲ್ಲ. ನಿಮ್ಮಲ್ಲಿ ಒಂದು ಇಡೀ ಬಾವಿ ತಪ್ಪಿಹೋಗಿದೆ. ತಪ್ಪಾಗಿದೆ ಎಂದು ಹೇಳಲು ನಿಮ್ಮ ನಕ್ಷೆಯಲ್ಲಿ ಒಂದು ಜಾಗವಾದರೂ ಬೇಡವೇ? ನಾನು ಒತ್ತಿದ ಕಡೆಯೆಲ್ಲ ‘ಇಲಾಖೆಯವರಿಗೆ ಮಾತ್ರ’ ಎಂದು ಬರುತ್ತದೆ. ಬೀಳುವವರು ಮಾತ್ರ ಇಲಾಖೆಯವರಲ್ಲ. ನಿಮ್ಮ ಒಂದೇ ನಕ್ಷೆಯ ಕೆಲಸ ಒಳ್ಳೆಯದೇ, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಮೊದಲು ಒಬ್ಬರು ತಪ್ಪಿದರೆ ಇನ್ನೊಬ್ಬರನ್ನು ಕೇಳಬಹುದಿತ್ತು. ಈಗ ಯಾರನ್ನು ಕೇಳಲಿ, ನೀವೇ ಹೇಳಿ. ನನಗೆ ರಾತ್ರಿ ನಿದ್ದೆಯಿಲ್ಲ. ಹರ್ಷಿತಾ ವ್ಯಾನ್ ಹತ್ತುವಾಗ ಟಾಟಾ ಮಾಡುತ್ತಾಳೆ, ನನಗೆ ಕೈಯೆತ್ತಲು ಆಗುವುದಿಲ್ಲ.

ಸೋಮವಾರದೊಳಗೆ ಆ ಜಾಗದಲ್ಲಿ ಬಾವಿ ಎಂದು ಬರೆಯಿರಿ. ಗೋಡೆ ಏಳುವವರೆಗೆ ಲಾರಿಗಳನ್ನು ಈ ಕಡೆ ಬಿಡಬೇಡಿ ಎಂದು ನೀವೇ ರಸ್ತೆಯವರಿಗೆ ಹೇಳಿ, ನಿಮ್ಮ ಮಾತು ಅವರು ಕೇಳುತ್ತಾರೆ. ನನ್ನ ಮಾತಿನ ಮೇಲೆ ನಂಬಿಕೆಯಿಲ್ಲದಿದ್ದರೆ ನಿಮ್ಮ ನಕ್ಷೆಯನ್ನೇ ನೋಡಿಕೊಂಡು, ನಿಮ್ಮದೇ ಕಾರಿನಲ್ಲಿ, ಮಂಜು ಇರುವ ಹೊತ್ತಿಗೆ ಬನ್ನಿ. ಗುಡಿ ಸಿಕ್ಕಿದ ಕೂಡಲೇ ಇಳಿದು ಎರಡು ಹೆಜ್ಜೆ ಹಿಂದಕ್ಕೆ ಇಡಿ. ಭಯ ಬೇಡ, ನಮ್ಮತ್ತೆ ಅಲ್ಲೇ ಕೂತಿರುತ್ತಾರೆ, ಅಂಗಿ ಹಿಡಿದು ಎಳೆಯುತ್ತಾರೆ. ಎಪ್ಪತ್ತು ದಾಟಿದ ಕೈ ಅದು, ಒಬ್ಬ ಮನುಷ್ಯನನ್ನಾದರೆ ಎಳೆದೀತು. ಮಕ್ಕಳು ತುಂಬಿದ ವ್ಯಾನನ್ನು ಎಳೆಯಲು ಅವರ ಕೈಯಲ್ಲಾಗುವುದಿಲ್ಲ.

ಇಂತಿ,
ನೀವು ಕಟ್ಟಿಸಿಕೊಟ್ಟ ಗುಡಿಯ ಪೂಜಾರಿಣಿಯ ಸೊಸೆ,
ಉಷಾರಾಣಿ
(ವಿಳಾಸ: ಬಾವಿಯಿಂದ ಮೂರನೇ ಮನೆ. ನಕ್ಷೆಯಲ್ಲಿ ಹುಡುಕಬೇಡಿ, ದಾರಿಯಲ್ಲಿ ಯಾರನ್ನಾದರೂ ಕೇಳಿ.)