ನಲವತ್ತೆಂಟು ದಿನ ದೂರ

ರೀ,

ಓದಿದ ಕೂಡಲೇ ಇದನ್ನು ಒಲೆಗೆ ಹಾಕಿ.

ಬೆಳಗಿನ ರೈಲಿಗೆ ತವರಿಗೆ ಹೊರಟೆ. ನಲವತ್ತೆಂಟು ದಿನ ಗಂಡ ಹೆಂಡತಿ ದೂರವಿದ್ದರೇ ಯೋಗಾಸನದ ಫಲ ಎಂದು ನಿಮಗೆ ಅದನ್ನು ಕಲಿಸಿದ ಸೊಣ್ಣಪ್ಪ ಮೇಷ್ಟ್ರು ಹೇಳಿದ್ದಾರಲ್ಲ.

ದಿನಾ ಗೋಡೆಗೆ ಕಾಲು ಆನಿಸಿ ಸರ್ವಾಂಗಾಸನ ಮಾಡಿ. ಪಕ್ಕದ ಮನೆ ಆರುಮುಗಂ ನೋಡಿ ನಕ್ಕರೆ ನಗಲಿ. ಗಣಿಯಿಂದ ಕಾದು ಬಂದ ಮೈಗೆ ಬಿಸಿನೀರು ಬೇಡ, ಹಂಡೆಯಲ್ಲಿ ತಣ್ಣೀರಿದೆ. ಧ್ಯಾನಕ್ಕೆ ಕೂತಾಗ ಕಣ್ಣೊಳಗಿನ ಕತ್ತಲೆಗೆ ಬೆಚ್ಚಿ ಏಳಬೇಡಿ. ಅದು ಸುರಂಗವಲ್ಲ, ನಮ್ಮ ಮನೆ.

ಶುಕ್ರವಾರ ಅತ್ತೆ ನಿಮಗೆ ನೋಡಿರುವ ಹೊಸ ಹುಡುಗಿಯ ಕಡೆಯವರನ್ನು ಕರೆತರುತ್ತಾರೆ. ನಾನಿಲ್ಲದ್ದು ನೋಡಿ "ಬಂಜೆ ತಾನಾಗೇ ಹೊಂಟೋದ್ಲು, ಬಿಡು ಕಣ್ಲಾ" ಅನ್ನುತ್ತಾರೆ. ಆಗ ತಲೆ ತಗ್ಗಿಸಿ ಕೂರಬೇಡಿ. ಮಕ್ಕಳಾಗದ ಕೊರತೆ ನಿಮ್ಮಲ್ಲಿದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ, ನನ್ನ ತಾಯಿಗೂ ಹೇಳುವುದಿಲ್ಲ. ಅತ್ತೆ ಕಳಿಸಿದಾಗಲೆಲ್ಲ ಬಾಯಿ ಮುಚ್ಚಿಕೊಂಡು ನಾಲ್ಕು ವರ್ಷ ಅರಳಿಮರ ಸುತ್ತಿದೆ. ಇನ್ನೂ ನಾಲ್ಕು ವರ್ಷ ಸುತ್ತುತ್ತೇನೆ.

ಆದರೆ ಶುಕ್ರವಾರ ನೀವು ಬಾಯಿ ಬಿಡಬೇಕು. ನಿಮ್ಮ ಕಾಲಿಗೆ ಬೀಳುತ್ತೇನೆ, ನಿಮ್ಮ ತಾಯಿಗೆ ನೀವೇ ಹೇಳಿ. ಹೇಳದೆ ತಾಳಿ ಕಟ್ಟಿದರೆ ಆ ಹುಡುಗಿಯೂ ನನ್ನ ಹಿಂದೆ ಅದೇ ಮರ ಸುತ್ತಬೇಕಾಗುತ್ತದೆ.