ಹಲ್ಲಲ್ಲಿ ಸುಲಿದ ವೈರು

ನವೆಂಬರ್ 12, ಬುಧವಾರ

ಪುಟ್ಟ ದೀಕ್ಷಾ ವೈರಿನ ತಾಮ್ರ ನುಂಗಿದಳೋ ಇಲ್ಲವೋ, ಅದೊಂದೇ ತಲೆಯಲ್ಲಿ ಸುತ್ತುತ್ತಿದೆ. ಕೊಪ್ಪದ ವಕೀಲರ ಆಫೀಸಿಗೆ ಹಳೇ ಕಾಲದ ಇಂಟರ್‌ಕಾಮ್ ಜೋಡಿಸಿ ಬಂದ ಇವರು ಟೂಲ್ ಬ್ಯಾಗನ್ನು ನೆಲದ ಮೇಲೇ ಬಿಟ್ಟಿದ್ದರು. ಮಗು ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್ ಯಾವುದನ್ನೂ ಮುಟ್ಟದೆ ತುಂಡು ವೈರೊಂದನ್ನು ಎತ್ತಿ, ಅಪ್ಪನ ಹಾಗೆಯೇ ಹಲ್ಲಿಗೆ ಕೊಟ್ಟಿದ್ದಳು. ಬಾಯಿಗೆ ಬೆರಳು ಹಾಕಿದಾಗ ನೀಲಿ ಸಿಪ್ಪೆ ಸಿಕ್ಕಿತು, ಒಳಗಿನ ತಾಮ್ರ ಸಿಗಲಿಲ್ಲ. ವೈರು ಸುಲಿಯೋ ಸ್ಟ್ರಿಪ್ಪರ್ ತನ್ನಿ ಎಂದು ಎಷ್ಟು ಸಲ ಹೇಳಿದ್ದೆ.

"ಎಂತ ಆಗಲ್ಲ ಮಾರಾಯ್ತಿ, ನಾನು ದಿನಾ ಹಲ್ಲಲ್ಲೇ ಸುಲಿಯಲ್ವಾ?" ಅಂದರು.

"ನೀವು ಉಗುಳ್ತೀರಿ. ಅವಳಿಗೆ ಉಗುಳೋಕೆ ಬರುತ್ತಾ?"

ಇವರು ಟಾರ್ಚ್ ತಂದು ನೆಲದ ಮೇಲೆ ಮಂಡಿಯೂರಿದರು.

ಉಸಿರಾಟ ಸರಿಯಿದೆ, ಬೆಳಿಗ್ಗೆ ಎಕ್ಸ್‌ರೇ ಮಾಡೋಣ ಎಂದಿದ್ದಾರೆ ಡಾಕ್ಟರು. ಇವರಿನ್ನೂ ಟಾರ್ಚ್ ಹಿಡಿದು ಆ ತಾಮ್ರಕ್ಕಾಗಿ ನೆಲವೆಲ್ಲ ತಡಕುತ್ತಿದ್ದಾರೆ. ನಾನು ಅವಳ ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡೇ ಬರೆಯುತ್ತಿದ್ದೇನೆ. ಸಿಕ್ತು ಅಂತ ಒಂದು ಸಲ ಹೇಳಲಿ, ನಾನು ಇನ್ನು ಯಾವತ್ತೂ ಸ್ಟ್ರಿಪ್ಪರ್ ವಿಷಯಕ್ಕೆ ಇವರನ್ನು ಬೈಯುವುದಿಲ್ಲ.