ಇಳಿಜಾರಿಗೆ ತಡೆಯುವ ಗಾಡಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.30

ಇವತ್ತೂ ಎರಡು ಬಕೆಟ್ ನೀರು ತುಂಬಿಸಿದೆ. ಲಾಯದ ಬಾಗಿಲಿಗೆ ಹೋದ ಮೇಲೆ ನೆನಪಾಯಿತು. ಒಂದನ್ನು ಗಿಡದ ಬುಡಕ್ಕೆ ಚೆಲ್ಲಿ ಬಂದೆ. ಐದು ವಾರವಾಯಿತು — ಕೈಗೆ ಇನ್ನೂ ಬುದ್ಧಿ ಬಂದಿಲ್ಲ.

ಚಿಕ್ಕವನು ಅರ್ಧ ಹುಲ್ಲು ಬಿಟ್ಟಿದ್ದಾನೆ. ದೊಡ್ಡವಳು ಇದ್ದಾಗ ಅವಳ ಪಾಲಿಗೂ ಬಾಯಿ ಹಾಕುತ್ತಿದ್ದ ಕಳ್ಳ. ಈಗ ತನ್ನದೇ ಬೇಡ.

ಇವರ ಕೈಯ ಪ್ಲಾಸ್ಟರ್ ಮೊನ್ನೆ ಬಿಚ್ಚಿದರು. ಮಣಿಕಟ್ಟು ಸಣ್ಣಗಾಗಿದೆ, ಬೇರೆ ಯಾರದ್ದೋ ಕೈ ತಂದು ಜೋಡಿಸಿದ ಹಾಗೆ. ಸವಾರಿ ಶಾಲೆಯವರ ಫೋನ್ ಬಂತು. ಏಪ್ರಿಲ್ ಎರಡರಿಂದ ಕ್ಲಾಸ್ ಶುರು ಮಾಡದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ವಾರಕ್ಕೆ ಎರಡು ದಿನ ಗುಡ್ಡದಾಚೆಗೆ ಕುದುರೆ ಒಯ್ದು ಮಕ್ಕಳಿಗೆ ಸವಾರಿ ಕಲಿಸುವುದು — ನಮ್ಮ ಮನೆ ನಡೆಯುವುದೇ ಅದರಿಂದ. ಕುದುರೆಯ ಟ್ರೈಲರ್ ರಿಪೇರಿಗೆ ಹೋಗಿದೆ. ಎಳೆಯಲು ಗಾಡಿ ಇಲ್ಲ. ಅಪಘಾತದ ಮೇಲೆ ಕಾರು ಗುಜರಿಗೆ ಹೋಯಿತು.

"ಯಾವ ಗಾಡಿ ನೋಡೋಣ ರೀ?"

"ನೀನೇ ನೋಡು," ಎಂದರು. ಅಷ್ಟೇ.

ಹೋದ ಸಲವೂ ನಾನೇ ನೋಡಿದ್ದು.

ಮಾರ್ಚ್ 5, ಬುಧವಾರ

ಮೆಕ್ಯಾನಿಕ್ ಹತ್ತಿರ ಹೋಗಿದ್ದೆ. ಎಲ್ಲರೂ ಕರೆಯುವುದು ಪ್ರೊಫೆಸರ್ ಎಂದು. ಒಂದು ನಟ್ಟಿಗೆ ಒಂದು ಗಂಟೆ ಪಾಠ.

ನನ್ನ ಬೇಡಿಕೆ ಹೇಳಿದೆ — ಕೈ ಕಚ್ಚದ ಬೆಲೆ, ಒಳ್ಳೆ ಮೈಲೇಜ್, ಒಂದು ಕುದುರೆ ಎಳೆಯಬೇಕು. ಅವರು ಎಣ್ಣೆ ಕೈ ಒರೆಸಿಕೊಳ್ಳುತ್ತ ನಕ್ಕರು. "ಹಾಗೆ ಉಲ್ಟಾದಿಂದ ಶುರು ಮಾಡಬಾರದಮ್ಮ. ಎಳೆಯೋದಕ್ಕೆ ಯಾವ ಗಾಡಿನೂ ಎಳೆಯುತ್ತೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಯಾರ ಮಾತು ಯಾರು ಕೇಳ್ತಾರೆ ಅನ್ನೋದು ಲೆಕ್ಕ. ಹಿಂದಿರೋದು ಭಾರ ಆದ್ರೆ ಮುಂದಿರೋದನ್ನ ಅದೇ ತಳ್ಕೊಂಡು ಹೋಗುತ್ತೆ."

ನಮ್ಮ ಟ್ರೈಲರ್ ಎಂಟುನೂರು ಕಿಲೋ. ದೊಡ್ಡವಳು ಐನೂರೈವತ್ತು ಇದ್ದಳು. ಕಾರು ಇವೆರಡೂ ಸೇರಿದ್ದಕ್ಕಿಂತ ಹಗುರ.

"ಆ ಕಾರಿನ ಪುಸ್ತಕದಲ್ಲಿ ಎಷ್ಟು ಎಳೀಬಹುದು ಅಂತ ಬರೆದಿತ್ತು?"

"ನೋಡಿಲ್ಲ," ಎಂದೆ.

ಮಾರ್ಚ್ 6

ನೋಡಿದ್ದೆ.

ಮಾರ್ಚ್ 9, ಭಾನುವಾರ

ಹಳೆ ಗಾಡಿ ಮಾರುವವನ ಅಂಗಳಕ್ಕೆ ಇಬ್ಬರೂ ಹೋದೆವು. ಇವರು ಗೇಟಿನ ಹತ್ತಿರವೇ ನಿಂತರು. ಬಿಸಿಲು. ಒಳಗೆ ನೆರಳಿತ್ತು, ಆದರೂ ಬರಲಿಲ್ಲ.

ಮೊದಲು ತೋರಿಸಿದ್ದು ದೊಡ್ಡ ಜೀಪಿನಂಥದ್ದು. ಸ್ಟಾರ್ಟ್ ಮಾಡಿದರೆ ಹೊಗೆಯಲ್ಲಿ ಮಾರುವವನೇ ಕಾಣಿಸಲಿಲ್ಲ. ಡೀಸೆಲ್ ಬಂಕಿನಲ್ಲೇ ಮನೆ ಮಾಡಬೇಕು. ಆಮೇಲೆ ಕೆಂಪಗೆ ಮಿರಮಿರ ಮಿಂಚುವ ಪುಟ್ಟ ಕಾರು. ಹೊಸದೇ ಎನ್ನಬಹುದು.

"ಆನೆ ಬೇಕಾದ್ರೂ ಎಳೆಯುತ್ತೆ ಮೇಡಂ."

"ಇದರ ಪುಸ್ತಕ ಕೊಡಿ," ಎಂದೆ.

"ಪುಸ್ತಕ ಯಾಕೆ, ನಾನು ಹೇಳ್ತಿದೀನಲ್ಲ! ಮೈಲೇಜ್ ನೋಡಿ, ಮನೆಯಲ್ಲಿ ಎಲ್ಲರೂ ನಿಮ್ಮನ್ನ ಹೊಗಳ್ತಾರೆ."

ಅದೇ ಮಾತು. ನಾಲ್ಕು ವರ್ಷದ ಹಿಂದೆ, ಬೇರೆ ಅಂಗಡಿ, ಬೇರೆ ಬಾಯಿ. ನೀರು ಕೇಳಿ ಕುಡಿದು ಹೊರಟುಬಂದೆ. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು, ಬೇರೆ ಬೇರೆ ಕಡೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ

ಊಟಕ್ಕೆ ಕೂತಾಗ ಅತ್ತೆ ಮಗನ ಮೇಲೆ ಶುರು ಮಾಡಿದರು. "ಇರೋ ಒಂದನ್ನೂ ಯಾರಿಗಾದರೂ ಕೊಟ್ಟು ಸುಮ್ಮನಿರು. ಪೆಟ್ರೋಲ್ ಉಳಿಸ್ತೀನಿ ಅಂತ ಬೆಂಕಿಪೊಟ್ಟಣದಂಥ ಕಾರು ತಂದೆ. ಆ ಬಡಪಾಯಿ ಪ್ರಾಣಿನ ಕೊಂದೆ. ಎಲ್ಲಿಂದ ಬಂತೋ ನಿನಗೆ ಈ ಜಿಪುಣಬುದ್ಧಿ!"

ಇವರು ತಟ್ಟೆ ಎತ್ತಿಕೊಂಡು ಎದ್ದರು.

ಅಪಘಾತವಾದ ದಿನದಿಂದ ಇವರು ತಪ್ಪು ತಮ್ಮ ಮೇಲೆ ಹಾಕಿಕೊಂಡು ಎಲ್ಲರಿಗೂ ಹೇಳಿದ್ದು ಒಂದೇ — "ಕಾರು ಆರಿಸಿದ್ದು ನಾನು." ತಾಯಿಗೆ, ಸವಾರಿ ಶಾಲೆಯವರಿಗೆ, ಕೇಳಿದವರಿಗೆ, ಕೇಳದವರಿಗೆ. ನಾನು ಪಾತ್ರೆ ತಿಕ್ಕುತ್ತಿದ್ದೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಬಾಯಿ ತೆರೆಯಬಹುದಿತ್ತು. ಒಂದು ವಾಕ್ಯ ಸಾಕಿತ್ತು.

ಮಾರ್ಚ್ 13, ಗುರುವಾರ

ಇಲ್ಲಾದರೂ ಬರೆಯುತ್ತೇನೆ.

ಆ ಕಾರು ಕೊಂಡ ದಿನ ಶೋರೂಮಿನಲ್ಲಿ ಕಾಫಿ ಕೊಟ್ಟು ಕೂರಿಸಿದ್ದರು. ಇವರು ಹೊರಗೆ ಕಾರಿನ ಹಿಂದಿನ ಕೊಂಡಿ ನೋಡುತ್ತಿದ್ದರು. ನನ್ನ ಕೈಯಲ್ಲಿ ಪುಸ್ತಕ. ಬೂದು ಬಣ್ಣದ ಚೌಕದೊಳಗೆ ದಪ್ಪಕ್ಷರ — ಎಳೆಯಬಹುದಾದ ಗರಿಷ್ಠ ತೂಕ, ಸಾವಿರ ಕಿಲೋ. ಕೂಡಿಸಲು ಬಾರದವಳೇನಲ್ಲ. ಮಾರುವವನನ್ನು ಕೇಳಿದೆ. "ಅದೆಲ್ಲ ಹುಷಾರಿಗೆ ಕಡಿಮೆ ಬರೆಯೋದು ಮೇಡಂ." ನನಗೆ ಬೇಕಾದ್ದೇ ಕಿವಿಗೆ ಬಿತ್ತು. ಆ ಕಾರು ನಮ್ಮ ಕೈಗೆಟುಕುತ್ತಿತ್ತು. ಉಳಿದವು ಎಟುಕುತ್ತಿರಲಿಲ್ಲ. ಹೊಸ ಕಾರಿನ ವಾಸನೆ ಬೇರೆ.

ಇವರು ಒಳಗೆ ಬಂದು ಕೇಳಿದರು: "ತಡೆಯುತ್ತಾ?"

"ತಡೆಯುತ್ತೆ ರೀ."

ನಾಲ್ಕು ವರ್ಷ ತಡೆಯಿತು ಕೂಡ. ಸಿಕ್ಕವರಿಗೆಲ್ಲ ಮೈಲೇಜ್ ಹೇಳಿಕೊಂಡು ಬೀಗಿದೆ. ಆಮೇಲೆ ಜನವರಿಯ ಆ ಸೋಮವಾರ, ಗುಡ್ಡದ ಇಳಿಜಾರು, ರಸ್ತೆ ಒದ್ದೆ. ಟ್ರೈಲರ್ ಮೊದಲು ಆಡಿತಂತೆ, ಅತ್ತ ಇತ್ತ. ಆಮೇಲೆ ಕಾರನ್ನೇ ಎಳೆದುಕೊಂಡು ಚರಂಡಿಗೆ. ನಾನು ತಲುಪುವಷ್ಟರಲ್ಲಿ ಕುದುರೆ ಡಾಕ್ಟರು ಅವಳ ನೋವು ಮುಗಿಸುವ ಸೂಜಿ ಚುಚ್ಚಿ ತೆಗೆದಾಗಿತ್ತು. ಇವರು ಮುರಿದ ಕೈಯಲ್ಲೇ ಅವಳ ತಲೆ ಹಿಡಿದುಕೊಂಡು ಮಣ್ಣಿನಲ್ಲಿ ಕೂತಿದ್ದರು. ನನ್ನನ್ನು ನೋಡಿ "ಬಂದ್ಯಾ?" ಎಂದರು. ಅಷ್ಟೇ ಅಂದದ್ದು.

ಮಾರ್ಚ್ 20, ಗುರುವಾರ

ವಾರ ಬರೆಯಲಾಗಲಿಲ್ಲ.

ಟ್ರೈಲರ್ ರಿಪೇರಿಯಾಗಿ ಬಂತು. ಹೊಸ ಬಣ್ಣ, ಹೊಸ ಬ್ರೇಕು. ಚಿಕ್ಕವನು ಹತ್ತಿರ ಹೋಗಿ ಮೂಸಿದ. ನಾಲ್ಕು ಹೆಜ್ಜೆ ಹಿಂದೆ ಸರಿದ. ಒಳಗೆಲ್ಲ ತೊಳೆದಿದ್ದಾರೆ, ಆದರೂ ಅವನಿಗೆ ಏನೋ ಗೊತ್ತು. ಡಾಕ್ಟರು ಅವನ ಪಕ್ಕೆ ಮುಟ್ಟಿ ನೋಡಿದರು. "ರೋಗ ಏನಿಲ್ಲ. ಜೊತೆ ಬೇಕು ಇವನಿಗೆ. ಆ ಶಾಲೆಯಲ್ಲಿ ಬೇರೆ ಕುದುರೆಗಳಿವೆಯಲ್ಲ, ಕರ್ಕೊಂಡು ಹೋಗಿ. ಬೇಗ."

ಬೇಗವಂತೆ.

ಮಾರ್ಚ್ 22, ಶನಿವಾರ

ಸಿಕ್ಕಿತು ಅನಿಸುತ್ತದೆ. ಪ್ರೊಫೆಸರ್ ಪತ್ತೆ ಮಾಡಿದ್ದು. ಗಿಡ ಬೆಳೆಸಿ ಮಾರುವ ಹೆಂಗಸಿನದು. ಹನ್ನೆರಡು ವರ್ಷದ ಪಿಕಪ್. ಪಾಚಿ ಹಸಿರು. ಒಂದು ಬಾಗಿಲು ಜಜ್ಜಿದೆ. ಸೀಟಿನ ಹೊಟ್ಟೆ ಹರಿದು ಸ್ಪಂಜು ಹೊರಗೆ. ಇದರ ಪಕ್ಕದಲ್ಲಿ ನಮ್ಮ ಸತ್ತ ಕಾರು ಮದುಮಗಳು.

ಗಾಡಿಯದೇ ತೂಕ ಎರಡು ಸಾವಿರ ಕಿಲೋ. ಎರಡೂವರೆ ಸಾವಿರ ಎಳೆಯಬಹುದು. ಪುಸ್ತಕ ಇಸಿದುಕೊಂಡು ಮೂರು ಸಲ ಓದಿದೆ. ಆಕೆ ಗಾಬರಿಯಾಗಿ, "ಏನಮ್ಮ, ಪರೀಕ್ಷೆ ಬರೀತೀರಾ?" ಎಂದರು.

ಮೈಲೇಜ್ ಹೇಳಿಕೊಳ್ಳುವಂಥದ್ದಲ್ಲ. ಪ್ರೊಫೆಸರ್ ಪಾಠ: "ಇದನ್ನ ತರಕಾರಿ ತರೋದಕ್ಕೆ ತೆಗೀಬೇಡಿ. ಕುದುರೆಗೆ ಮಾತ್ರ. ಮಿಕ್ಕ ದಿನ ಬಸ್ಸು. ಇಂಜಿನ್ ಸರಳ, ಸಾಮಾನು ಎಲ್ಲ ಕಡೆ ಸಿಗುತ್ತೆ. ವರ್ಷದ ಕೊನೆಗೆ ನೋಡಿ, ಆ ಮಿಂಚೋ ಕಾರಿಗಿಂತ ಇದೇ ಅಗ್ಗ."

ನಾಳೆ ಮರಳಿನ ಚೀಲ ತುಂಬಿ ಎಳೆದು ನೋಡಬೇಕು. ಇವರ ಮಣಿಕಟ್ಟಿಗೆ ಇನ್ನೂ ಭಾರ ಬೇಡ ಎಂದಿದ್ದಾರೆ ಡಾಕ್ಟರು. ನಾನೇ ಓಡಿಸಬೇಕು.

ಮಾರ್ಚ್ 23, ಭಾನುವಾರ

ಓಡಿಸಿದೆ. ಪ್ರೊಫೆಸರ್ ಪಕ್ಕದಲ್ಲಿ. ಇವರು ಬರಲಿಲ್ಲ.

ಹತ್ತುವಾಗ ಸುಮ್ಮನೆ ಹತ್ತಿತು. ತುದಿಯಲ್ಲಿ ಎರಡನೇ ಗೇರಿಗೆ ಹಾಕಿಸಿದರು. "ಬ್ರೇಕ್ ಮೇಲೇ ಕಾಲಿಡಬೇಡಿ. ಇಂಜಿನ್ ಹಿಡ್ಕೊಳ್ಳುತ್ತೆ. ನಂಬಿ." ಇಳಿಜಾರು. ಮೂರನೇ ತಿರುವು. ಹಿಂದಿನಿಂದ ಒಂದು ನೂಕು — ಬೆನ್ನಿಗೆ ಯಾರೋ ಅಂಗೈ ಇಟ್ಟ ಹಾಗೆ. ಗಾಡಿ ಅಲುಗಲಿಲ್ಲ. ಗುರುಗುಟ್ಟುತ್ತ ತನ್ನ ಪಾಡಿಗೆ ತಾನು ಇಳಿಯಿತು.

ಆ ಚರಂಡಿಯ ಹತ್ತಿರ ಕಣ್ಣು ಮಂಜಾಯಿತು.

"ಅಳೋದಾದ್ರೆ ಪಕ್ಕಕ್ಕೆ ನಿಲ್ಲಿಸಿ ಅಳಮ್ಮ," ಎಂದರು ಪ್ರೊಫೆಸರ್. "ಅಳ್ತಾ ಓಡಿಸೋದನ್ನ ನಾನು ಕಲಿಸಿಲ್ಲ."

ನಿಲ್ಲಿಸಿದೆ. ಅವರು ಇಳಿದು ಹೋಗಿ ಟೈರು ನೋಡುವ ನಾಟಕ ಮಾಡಿದರು. ತುಂಬ ಹೊತ್ತು ನೋಡಿದರು, ಪಾಪ.

ಮಾರ್ಚ್ 25, ಮಂಗಳವಾರ

ಹೇಳಿದೆ.

ಇವರು ಲಾಯದಲ್ಲಿ ಚಿಕ್ಕವನ ಮೈ ಉಜ್ಜುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ. ಒಳಗೆ ಹೋದರೆ ಹೇಳಲಾಗುತ್ತಿರಲಿಲ್ಲ.

"ಆ ಕಾರಿನ ಪುಸ್ತಕದಲ್ಲಿ ಸಾವಿರ ಕಿಲೋ ಅಂತ ಇತ್ತು ರೀ. ತಗೊಳ್ಳೋ ದಿನವೇ ಓದಿದ್ದೆ. ಗೊತ್ತಿದ್ದೂ ತಡೆಯುತ್ತೆ ಅಂದೆ."

ಬ್ರಷ್ ನಿಲ್ಲಲಿಲ್ಲ. ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಹೊಟ್ಟೆಗೆ.

"ಬೂದು ಬಣ್ಣದ ಚೌಕದಲ್ಲಿ," ಎಂದರು.

ನನಗೆ ಅರ್ಥವಾಗಲಿಲ್ಲ.

"ನಾನೂ ಓದಿದ್ದೆ ಕಣೇ. ಮೊದಲನೇ ವಾರವೇ, ಬಂಕಿನಲ್ಲಿ ಕ್ಯೂ ಇತ್ತು, ಸುಮ್ಮನೆ ತೆಗೆದು ನೋಡಿದೆ. ನೀನು ನೋಡಿಲ್ಲ ಅಂದ್ಕೊಂಡೆ. ಅಷ್ಟು ಖುಷಿಯಲ್ಲಿದ್ದೆ ನೀನು. ಹೇಳಿದ್ರೆ ಕೊರಗ್ತೀಯ ಅಂತ..."

"ಓದಿಯೂ ಅವಳನ್ನ ಹತ್ತಿಸಿದ್ರಾ? ನಾಲ್ಕು ವರ್ಷ?"

"ನೀನು ಓದಿಯೂ ಟ್ರೈಲರ್ ಬಾಗಿಲು ಹಾಕ್ತಿರಲಿಲ್ವಾ? ನಾಲ್ಕು ವರ್ಷ?"

ಹಗುರವಾಗುತ್ತದೆ ಅಂದುಕೊಂಡಿದ್ದೆ. ಸಿಟ್ಟು ಬಂತು. ಇಬ್ಬರಿಗೂ. ಚಿಕ್ಕವನು ಕಿವಿ ಹಿಂದಕ್ಕೆ ಮಡಚಿದ. ಸುಮ್ಮನಾದೆವು. ಅವನಿಗೋಸ್ಕರ.

ನಾಲ್ಕು ವರ್ಷ ಆ ಕಾರಿನಲ್ಲಿ ಪಕ್ಕಪಕ್ಕ ಕೂತಿದ್ದೇವೆ. ಮೊಣಕಾಲಿನ ಮುಂದಿನ ಗೂಡಿನಲ್ಲಿ ಆ ಪುಸ್ತಕ. ಇಬ್ಬರಿಗೂ ಗೊತ್ತು. ಹಿಂದೆ ಅವಳು.

ಊಟಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಮಾರ್ಚ್ 29, ಶನಿವಾರ

ನಾಲ್ಕು ದಿನ 'ಉಪ್ಪು', 'ಸಾಕು', 'ಬಾಗಿಲು ಹಾಕು' — ಇಷ್ಟೇ ಮಾತು.

ಇವತ್ತು ಬೆಳಿಗ್ಗೆ ಅತ್ತೆ ಮತ್ತೆ ಜಿಪುಣಬುದ್ಧಿ ಎಂದರು. ಅವರ ಎದುರೇ ಕೂತೆ. "ಅತ್ತೆ, ಆ ಕಾರು ಆರಿಸಿದ್ದು ನಾನು. ಇವರಲ್ಲ."

ಅತ್ತೆ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಬೈಗುಳಕ್ಕೆ ಕಾದೆ.

"ಎರಡು ತಿಂಗಳಿಂದ ಅವನನ್ನ ಬೈದಿದೀನಲ್ಲೇ," ಎಂದರು ಕೊನೆಗೆ. "ಅದನ್ನ ಈಗ ಎಲ್ಲಿಡಲಿ?"

ಇವರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. "ಬೈದಿದ್ದು ಸರಿಯಾಗೇ ಇದೆ ಬಿಡಮ್ಮ," ಎಂದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ನನ್ನನ್ನು ಕೇಳಿದರು: "ಆ ಪಿಕಪ್ ಪುಸ್ತಕ ಎಲ್ಲಿ? ಬಾ. ಇಬ್ಬರೂ ಕೂತು ಓದೋಣ."

ಮೊದಲ ಪುಟದಿಂದ ಓದಿದೆವು. ರೇಡಿಯೋ ಹಚ್ಚುವುದು ಹೇಗೆ ಎಂಬುದನ್ನೂ ಬಿಡಲಿಲ್ಲ. ರೇಡಿಯೋ ಆ ಗಾಡಿಯಲ್ಲಿಲ್ಲ.

ಸೋಮವಾರ ತರುತ್ತಿದ್ದೇವೆ.

ಏಪ್ರಿಲ್ 2, ಬುಧವಾರ. 9.10. ಗುಡ್ಡದ ತುದಿ

ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಚಿಕ್ಕವನನ್ನು ಹತ್ತಿಸಲು ಮುಕ್ಕಾಲು ಗಂಟೆ. ಕೊನೆಗೆ ಇವರೇ ಮೊದಲು ಟ್ರೈಲರ್ ಒಳಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಬಂದ.

ಇಳಿಜಾರಿಗೆ ಮುಂಚೆ ನಿಲ್ಲಿಸು ಎಂದರು. ಕುದುರೆ ನೋಡಿ ಬರುತ್ತೇನೆ ಎಂದು ಇಳಿದರು. ನೋಡಿ ಬಂದವರು ನನ್ನ ಬಾಗಿಲು ತೆಗೆದರು.

"ಸರ್ಕೋ. ಇಳಿಜಾರು ನಾನೇ ಇಳಿಸ್ತೀನಿ. ನಾನೇ ಇಳಿಸಬೇಕು."

ಬಾಗಿಲು ಹಿಡಿದ ಕೈ ನೋಡಿದೆ. ಬೆರಳು ನಡುಗುತ್ತಿದ್ದವು. ಸುಮ್ಮನೆ ಸರಿದು ಜಾಗ ಕೊಟ್ಟಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ನೋಡಿಲ್ಲ ಎಂದುಕೊಂಡು ಕೂರಬಹುದಿತ್ತು.

"ಕೈ ನಡುಗ್ತಿದೆ ರೀ. ಬೇಡ. ನಾನೇ ಇಳಿಸ್ತೀನಿ."

ಮುಖ ಕಪ್ಪಿಟ್ಟಿತು. ಬಾಗಿಲು ಹಾಕಿ ರಸ್ತೆ ಅಂಚಿಗೆ ಹೋಗಿ ನಿಂತಿದ್ದಾರೆ, ಕೆಳಗೆ ನೋಡುತ್ತ. ಹಿಂದೆ ಚಿಕ್ಕವನು ಕಾಲು ಅಪ್ಪಳಿಸುತ್ತಿದ್ದಾನೆ. ಹೋಗಿ ಕರೆಯಲೇ? ಬೇಡ. ತಾವಾಗಿ ಬರಲಿ.

ತಿರುಗಿದರು. ಗಾಡಿಯ ಮುಂದಿನಿಂದ ಸುತ್ತಿ ಬರುತ್ತಿದ್ದಾರೆ. ಆ ಕಡೆಯ ಬಾಗಿಲು, ಜಜ್ಜಿದ್ದು... ಒಮ್ಮೆಗೆ ತೆರೆಯಲಿಲ್ಲ. ತೆರೆಯಿತು. ಕೂತರು. ಏನು ಬರೀತಿದೀಯ ಎನ್ನುತ್ತಿದ್ದಾರೆ. ಸ್ಟಿಯರಿಂಗಿಗೆ ನನಗೆ ಎರಡೂ ಕೈ ಬೇಕು, ಈ ಡೈರಿಯನ್ನು ಅವರ ಕೈಗೇ ಕೊಡು...